ಮಸಿ ಬಳಿದ ಹೆಸರು

"ಗುರುಗಳೇ, ನನ್ನ ಮಗಳ ಹೆಸರಿಗೆ ಮಸಿ ಬಳಿಯಲೇಬೇಕೇ?" ಎಂದು ಶಿಷ್ಯ ಕೇಳಿದ.

ಅವನು ಚೀನಾ ದೇಶದ ಒಂದು ದೊಡ್ಡ ಮನೆತನದ ಯಜಮಾನ. ಮಗಳು ಅವನ ಮಾತು ಮೀರಿ ಒಬ್ಬ ಬಡಗಿಯನ್ನು ಮದುವೆಯಾಗಿದ್ದಳು. ಸಂಜೆಯೊಳಗೆ ವಂಶಾವಳಿಯಿಂದ ಅವಳ ಹೆಸರು ಅಳಿಸಬೇಕೆಂದು ದಾಯಾದಿಗಳು ಗಡುವು ಕೊಟ್ಟಿದ್ದರು.

ಗುರು ಹೇಳಿದರು:

ಒಬ್ಬ ಅಂಬಿಗನಿದ್ದ. ಶತ್ರುಗಳಿಂದ ತಪ್ಪಿಸಿಕೊಂಡು ಬಂದ ರಾಜಕುಮಾರನನ್ನು ಅವನು ಆಚೆ ದಡ ಮುಟ್ಟಿಸಿದ. ರಾಜಕುಮಾರ ಮುಂದೆ ಚಕ್ರವರ್ತಿಯಾಗಿ ಅಂಬಿಗನಿಗೆ ಊರುಗಳನ್ನು ಬಿಟ್ಟುಕೊಟ್ಟ. ಅಂಬಿಗನ ಮಗ ಅಧಿಕಾರಿಯಾದ, ಮೊಮ್ಮಗ ಮಂತ್ರಿಯಾದ. ಮುನ್ನೂರು ವರ್ಷ ಆ ಮನೆತನದವರು ಎದ್ದರೆ ಸಭೆ ಏಳುತ್ತಿತ್ತು, ಕೂತರೆ ಕೂರುತ್ತಿತ್ತು.

ಅವರು ವಂಶಾವಳಿ ಬರೆಸಿದರು. ಮೊದಲ ಪುಟದಲ್ಲಿ ಅಂಬಿಗನಿರುವುದು ನಾಚಿಕೆಯೆನಿಸಿ ಅಲ್ಲಿ ಯಾರೋ ಪುರಾತನ ಸೇನಾಪತಿಯನ್ನು ಕೂರಿಸಿದರು. ಊರೂರಿನ ಕಚೇರಿಗೂ ಅದರ ಪ್ರತಿ ಕಳಿಸಿದರು. ಅದರಲ್ಲಿ ಹೆಸರಿದ್ದವನಿಗೆ ಅಧಿಕಾರ ತಾನಾಗಿ ಸಿಗುತ್ತಿತ್ತು. ಹೀಗಾಗಿ ಬರಬರುತ್ತಾ ಅವರಲ್ಲಿ ಯಾರಿಗೂ ಯಾವ ಕೆಲಸವೂ ಬಾರದಾಯಿತು.

ಕೊನೆಯ ಯಜಮಾನನ ಮಗಳು ಒಬ್ಬ ಅಂಬಿಗನ ಕೈ ಹಿಡಿದಳು. ಅಪ್ಪ ಅವಳ ಹೆಸರಿಗೆ ಮಸಿ ಬಳಿದ. ಅಷ್ಟಕ್ಕೆ ಸಮಾಧಾನವಾಗದೆ ಎಲ್ಲ ಕಚೇರಿಯ ಪ್ರತಿಗಳಲ್ಲೂ ಬಳಿಸಿದ. ಹೊಸಿಲು ದಾಟುವಾಗ ಅವಳು ಅಳಲಿಲ್ಲ. ಗಂಡನಿಂದ ದೋಣಿಯ ಹುಟ್ಟು ಹಾಕುವುದನ್ನು ಕಲಿತಳು.

ಹತ್ತು ವರ್ಷದ ಮೇಲೆ ದಂಗೆಯಾಯಿತು. ಕಚೇರಿಗಳ ಜೊತೆ ವಂಶಾವಳಿಯೂ ದಂಗೆಕೋರರ ಕೈ ಸೇರಿತು. ಅದನ್ನು ಓದಿ ಓದಿ, ಹೆಸರಿದ್ದವರನ್ನೆಲ್ಲ ಹುಡುಕಿ ಕೊಂದರು. ಯಜಮಾನ ಆಳಿನ ಬಟ್ಟೆ ತೊಟ್ಟು ನದಿಗೆ ಓಡಿದ. ಅಲ್ಲಿದ್ದದ್ದು ಒಂದೇ ದೋಣಿ, ಅದರಲ್ಲಿದ್ದವಳು ಮಗಳು. ಅವಳು ಸರಿದು ಜಾಗ ಬಿಟ್ಟಳು.

ಅಷ್ಟರಲ್ಲಿ ದಂಗೆಕೋರರ ಸೈನಿಕರು ವಂಶಾವಳಿಯ ಪುಸ್ತಕ ಹಿಡಿದು ಬಂದೇಬಿಟ್ಟರು.

"ಯಾರಮ್ಮ ಈ ಮುದುಕ?"

"ನಮ್ಮಪ್ಪ. ಹುಟ್ಟು ಹಾಕಲೂ ಬಾರದು, ಸುಮ್ಮನೆ ಕೂರಲೂ ಬಾರದು."

ಸೈನಿಕರು ನಕ್ಕರು. ಆದರೂ ಅವಳ ಹೆಸರು ಕೇಳಿದರು. ಅವಳು ಇದ್ದ ಹೆಸರನ್ನೇ ಹೇಳಿದಳು. ಅದೇ ಮನೆಹೆಸರಿನ ಬಡವರು ಆ ದಡದಲ್ಲಿ ನೂರಾರು ಜನರಿದ್ದರು. ಸೈನಿಕರು ಪುಟ ತಿರುವಿದರು. ಅವಳ ಹೆಸರು ಎಲ್ಲೂ ಸಿಗಲಿಲ್ಲ; ಅದಿರಬೇಕಾದ ಕಡೆ ಬರೀ ಮಸಿಯಿತ್ತು. ಮಗಳೇ ಇದರಲ್ಲಿಲ್ಲದ ಮೇಲೆ ಅಪ್ಪ ಎಲ್ಲಿಂದ ಬರಬೇಕು ಎಂದು ಪುಸ್ತಕ ಮುಚ್ಚಿ ಹೊರಟುಹೋದರು.

ದೋಣಿ ನಡುನೀರಿಗೆ ಬಂದಾಗ ಯಜಮಾನ ನಿಟ್ಟುಸಿರು ಬಿಟ್ಟ. ಅದು ಎಷ್ಟೋ ವರ್ಷದಿಂದ ಬಿಗಿಹಿಡಿದಿದ್ದ ಉಸಿರಿನಂತಿತ್ತು.

ಕೇಳುತ್ತಿದ್ದ ಶಿಷ್ಯನ ಎದೆಯೂ ಹಗುರವಾಯಿತು. "ಸದ್ಯ, ಬದುಕಿದ. ದಡ ಸೇರಿದ ಮೇಲೆ ಮಗಳ ಹೆಸರನ್ನು ಮತ್ತೆ ಬರೆದನೇ, ಗುರುಗಳೇ?"

"ಇಲ್ಲ, ದಡ ಸೇರುವ ಮೊದಲೇ ಅವಳ ಕೈಯಿಂದ ಹುಟ್ಟು ಇಸಿದುಕೊಂಡು, ನನಗೂ ಕಲಿಸು ಎಂದ."