ಕಳಚಿಡುವ ತಲೆ

ರೋಮ್ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲ. ಚಕ್ರವರ್ತಿಗಳು ಎಷ್ಟು ಬೇಗ ಬದಲಾಗುತ್ತಿದ್ದರೆಂದರೆ, ದೂರದ ಪ್ರಾಂತ್ಯವೊಂದರ ಊರ ಚೌಕದಲ್ಲಿದ್ದ ಚಕ್ರವರ್ತಿಯ ಕಲ್ಲಿನ ವಿಗ್ರಹದಲ್ಲಿ ಮೈ ಮಾತ್ರ ಕಾಯಂ. ಹೊಸಬ ಪಟ್ಟಕ್ಕೆ ಬಂದಾಗೆಲ್ಲ ಊರಿನ ಶಿಲ್ಪಿ ಹಳೆಯ ತಲೆ ಕಳಚಿ ಹೊಸದನ್ನು ಕೂರಿಸುತ್ತಿದ್ದ.

ಒಂದು ದಿನ ಆ ಪ್ರಾಂತ್ಯದ ಅಧಿಕಾರಿ ವಿಬಿಯಸ್ ಶಿಲ್ಪಿಯನ್ನು ಕರೆಸಿದ.

"ಚೌಕದಲ್ಲಿ ನನ್ನ ವಿಗ್ರಹ ನಿಲ್ಲಿಸು. ಕುದುರೆ ಮೇಲೆ ಕೂತಿರಬೇಕು, ಚಕ್ರವರ್ತಿಗಿಂತ ಎತ್ತರ ಇರಬೇಕು. ಆಗಲ್ಲ ಅಂದರೆ ನಿನ್ನನ್ನು ಗಣಿಗೆ ಅಟ್ಟುತ್ತೇನೆ."

ಮಾಡದಿದ್ದರೆ ಇವನು ಬಿಡುವುದಿಲ್ಲ, ಮಾಡಿದರೆ ಚಕ್ರವರ್ತಿ ಬಿಡುವುದಿಲ್ಲ. ಶಿಲ್ಪಿ ದಾರ ತೆಗೆದು ವಿಬಿಯಸ್‌ನ ಕುತ್ತಿಗೆ ಅಳೆಯತೊಡಗಿದ.

"ಕುತ್ತಿಗೆ ಯಾಕಯ್ಯಾ?"

"ತಲೆ ಸಲೀಸಾಗಿ ಕಳಚಬೇಕಲ್ಲ, ಒಡೆಯಾ. ಚಕ್ರವರ್ತಿಗಿಂತ ಮೇಲೆ ಕೂತವರದ್ದನ್ನು ಬೇಗ ಇಳಿಸಬೇಕಾಗುತ್ತೆ. ಇಳಿಸಿದ ತಲೆಗಳೆಲ್ಲ ನಮ್ಮ ಕೊಟ್ಟಿಗೆಯಲ್ಲೇ ಇವೆ. ತಮ್ಮದಕ್ಕೂ ಈಗಲೇ ಜಾಗ ಮಾಡಿಡುತ್ತೇನೆ. ಕಿಟಕಿ ಪಕ್ಕ ಆದೀತಾ?"

ವಿಬಿಯಸ್ ಮೆಲ್ಲಗೆ ದಾರ ಬಿಡಿಸಿಕೊಂಡ. ಕುತ್ತಿಗೆ ಸವರಿಕೊಂಡ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ:

"ಕುದುರೆ ಒಂದನ್ನೇ ಮಾಡು. ಅದೂ ಸಣ್ಣದು."