ಹಸಿರು ಪರದೆ ಮತ್ತು ಗಿಳಿ

ಸ್ಟುಡಿಯೋ ಗೋಡೆಯ ಹಸಿರು ಪರದೆಗೆ ಹನ್ನೆರಡು ವರ್ಷದಿಂದ ಒಂದೇ ಕೆಲಸ. ಯಾರಾದರೂ ಅದರ ಮುಂದೆ ನಿಂತರೆ, ಕಂಪ್ಯೂಟರು ಹಸಿರನ್ನೆಲ್ಲ ಅಳಿಸಿ ಅವರ ಹಿಂದೆ ಕಾಡನ್ನೋ ಅರಮನೆಯನ್ನೋ ಕೂರಿಸುತ್ತಿತ್ತು. ನಿಂತವರಿಗೆ ಚಪ್ಪಾಳೆ ಬೀಳುತ್ತಿತ್ತು. ಪರದೆಯನ್ನು ಮಾತಾಡಿಸಿದವರೇ ಇಲ್ಲ.

ಒಂದು ದಿನ ಚಿತ್ರೀಕರಣಕ್ಕೆಂದು ಗಿಳಿಯೊಂದು ಬಂತು. "ಅಕ್ಕಾ, ನೀನೂ ನಮ್ಮ ಬಣ್ಣದವಳೇ!" ಎಂದಿತು. ಪರದೆಗೆ ಒಡಹುಟ್ಟಿದವಳು ಸಿಕ್ಕಷ್ಟು ಸಂತೋಷವಾಯಿತು.

ಆದರೆ ಗಿಳಿ ಪರದೆಯ ಮುಂದೆ ಹಾರಿದಾಗ ಮಾನಿಟರಿನಲ್ಲಿ ಬರೀ ಕೆಂಪು ಕೊಕ್ಕೊಂದು ಹಾರಾಡಿತು. "ನನ್ನ ಮೈ ಎಲ್ಲಿ?" ಎಂದು ಗಿಳಿ ಚೀರಿತು.

"ಹಸಿರು ಕಂಡರೆ ಅಳಿಸುವುದು ನನ್ನ ನಿಯಮ," ಎಂದಿತು ಕಂಪ್ಯೂಟರು. "ಬೇಕಿದ್ದರೆ ಮೈಗೆ ಅರಿಶಿನ ಬಳಿದುಕೊಂಡು ಬಾ."

ಕಂಪ್ಯೂಟರಿನಲ್ಲೇ ಬರೆದ ಹಸಿರು ಚಿಟ್ಟೆಯೊಂದು ನಕ್ಕಿತು. "ನನಗೆ ಆ ಪಾಡಿಲ್ಲಮ್ಮ. ನನ್ನ ಮೈ ಎಲ್ಲಿಗೆ ಮುಗಿಯುತ್ತದೆಂದು ಆಲ್ಫಾ ಚಾನೆಲ್ಲೆಂಬ ಗಡಿಪತ್ರದಲ್ಲಿ ಬರೆಸಿಕೊಂಡೇ ಹುಟ್ಟಿದವಳು ನಾನು. ನನ್ನ ಬಣ್ಣ ಯಾರೂ ಕೇಳುವುದಿಲ್ಲ."

"ಹುಟ್ಟುವಾಗಲೇ ಪತ್ರ ತಂದವಳು ನೀನು. ಬರೀ ಮೈ ಹೊತ್ತು ಬಂದವರು ಏನು ಮಾಡಬೇಕು?" ಎಂದಿತು ಗಿಳಿ.

ಆ ಮಾತು ಪರದೆಗೆ ನಾಟಿತು. ಅದು ತಾನೇ ಕ್ಲಿಪ್ಪು ಬಿಡಿಸಿಕೊಂಡು ಕೆಳಗೆ ಬಿತ್ತು. ಸ್ಟುಡಿಯೋದವರು ಅದನ್ನು ಮಡಚಿ ಪೆಟ್ಟಿಗೆಗೆ ತುರುಕಿ, ಗೋಡೆಗೆ ನೀಲಿ ಪರದೆ ಕಟ್ಟಿದರು. ಮಾನಿಟರಿನಲ್ಲಿ ಗಿಳಿಯ ಹಸಿರು ಮೈ ಝಗ್ಗೆಂದು ಕಾಣಿಸಿತು.

"ಇನ್ನು ಮೇಲೆ ನೀಲಿ ಕಂಡರೆ ಅಳಿಸುತ್ತೇನೆ. ಮುಂದಿನ ಸರದಿ ಯಾರದು?" ಎಂದಿತು ಕಂಪ್ಯೂಟರು.

"ನಂದು," ಎಂದಿತು ಬಾಗಿಲಲ್ಲಿದ್ದ ನೀಲಿ ಗರಿಯ ಮಿಂಚುಳ್ಳಿ.

"ಹೇಳೇ ತಂಗೀ, ಅವಳಿಗೆ ಹೇಳೇ!" ಎಂದು ಪೆಟ್ಟಿಗೆಯೊಳಗಿಂದ ಪರದೆ ಕೂಗಿತು. ಗಿಳಿಗೆ ಕೇಳಿಸಿತು. ಅದು ಮಾನಿಟರಿನಲ್ಲಿ ತನ್ನ ಮೈಯನ್ನೇ ನೋಡುತ್ತ ಗರಿ ತಿದ್ದಿಕೊಳ್ಳುತ್ತಿತ್ತು.