ಕರಟದ ಇದ್ದಲು

“ಗುರುಗಳೇ, ಕರುಣೆ ಬತ್ತಿಹೋದವನು ಮಠದಲ್ಲಿ ಇರಬಹುದೇ?” ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಗುರುಗಳಿಗೆ ಕಿವಿ ಮಂದವಾದ ಮೇಲೆ, ಸೋಮವಾರ ಮಠಕ್ಕೆ ಬಂದವರ ಕಷ್ಟ ಕೇಳುವ ಕೆಲಸ ಅವನ ಪಾಲಿಗೆ ಬಂದಿತ್ತು. ಹನ್ನೆರಡು ವರ್ಷ ಜಗಲಿಯ ಮೇಲೆ ಕೂತು ಕೇಳಿದ್ದ. ಸೊಸೆಯ ಮೇಲಿನ ದೂರು, ಮಕ್ಕಳಿಲ್ಲದ ಕೊರಗು, ಸತ್ತವರ ನೆನಪು, ಯಾವುದಕ್ಕೂ ಮುಖ ಸಿಂಡರಿಸಿದವನಲ್ಲ. ಆದರೆ ಆ ದಿನ, ಮಗನನ್ನು ಕಳೆದುಕೊಂಡ ಮುದುಕಿಯೊಬ್ಬಳು ಹೋದ ವಾರ ಹೇಳಿದ್ದನ್ನೇ ಮತ್ತೆ ಹೇಳತೊಡಗಿದಾಗ, “ಎಷ್ಟು ಸಲ ಅದನ್ನೇ ಹೇಳ್ತೀಯಜ್ಜಿ, ಸಾಕು ಮಾಡು!” ಎಂದು ಗದರಿಬಿಟ್ಟ. ಅವಳು ಸೆರಗು ಸರಿಮಾಡಿಕೊಂಡು ಎದ್ದುಹೋದಳು. ಮಧ್ಯಾಹ್ನ ಅವನು ಊಟಕ್ಕೆ ಏಳಲಿಲ್ಲ. ಈಗ ಬಟ್ಟೆಯ ಗಂಟು ಕಟ್ಟಿಕೊಂಡು, ಮಠ ಬಿಟ್ಟು ಹೋಗಲು ಅಪ್ಪಣೆ ಕೇಳಲು ಬಂದಿದ್ದ.

ಗುರುಗಳು ಗಂಟಿನ ಕಡೆ ನೋಡಿದರು. “ಹೋಗುವುದು ಇದ್ದೇ ಇದೆ, ಕೂತುಕೋ” ಎಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಹಸು ಸಾಕಿದವಳೊಬ್ಬಳಿದ್ದಳು. ಅವಳ ಮನೆಯ ತಗ್ಗಿನಲ್ಲಿ ಮೊಸರು ಮಾರುವವಳೊಬ್ಬಳಿದ್ದಳು. ಇವಳ ಹಾಲು, ಅವಳ ಹೆಪ್ಪು. ಊರೆಲ್ಲ ಆ ಮೊಸರನ್ನೇ ಉಣ್ಣುತ್ತಿತ್ತು. ಒಂದು ವರ್ಷ ಹಸುಗಳಿಗೆ ಕೆಚ್ಚಲು ಬಾವು ಬಂತು. ದನದ ಡಾಕ್ಟರು ಸೂಜಿಮದ್ದು ಕೊಟ್ಟು, ಐದು ದಿನ ಆ ಹಾಲನ್ನು ಯಾರಿಗೂ ಕೊಡಬೇಡ ಎಂದರು. ಹಸುವಿನವಳು ನಿಯತ್ತಿನವಳು. ಒಂದು ಹನಿಯನ್ನೂ ಮಾರಲಿಲ್ಲ. ಅಷ್ಟನ್ನೂ ಹಿತ್ತಿಲ ಗುಂಡಿಗೆ ಸುರಿದಳು. ಒಂದು ಹಸುವಿಗೆ ವಾಸಿಯಾಗುವಷ್ಟರಲ್ಲಿ ಇನ್ನೊಂದಕ್ಕೆ ಬರುತ್ತಿತ್ತು. ಹೀಗೆ ಮದ್ದಿನ ಹಾಲನ್ನು ವರ್ಷವಿಡೀ ಸುರಿದಳು, ಬಾವಿಲ್ಲದ ಹಸುಗಳ ಹಾಲನ್ನಷ್ಟೇ ಮಾರಿದಳು.

ಕೆಳಗಿನ ಮನೆಯಲ್ಲಿ ಮೊಸರು ಹೆಪ್ಪುಗಟ್ಟುವುದು ನಿಂತುಹೋಯಿತು. ಮೊಸರಿನವಳು ಹೆಪ್ಪು ಬದಲಾಯಿಸಿದಳು, ಮಡಕೆ ಬದಲಾಯಿಸಿದಳು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕೊನೆಗೆ ಹಸುವಿನವಳ ಮೇಲೆ ಹರಿಹಾಯ್ದಳು. ಅದೇ ಹಾಲು ಹಸುವಿನವಳ ಮನೆಯಲ್ಲಿ ಗಟ್ಟಿ ಮೊಸರಾಗಿ ಕೂತಿತ್ತು. ಅದನ್ನು ನೋಡಿದ ಕೂಡಲೇ ಮೊಸರಿನವಳಿಗೆ ಕಾರಣ ಹೊಳೆಯಿತು. ಹೊಳೆದರೂ ಬಾಯಿಬಿಡುವ ಹಾಗಿರಲಿಲ್ಲ. ತಿಂಗಳುಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡು ಕೂತಳು.

ಅಷ್ಟರಲ್ಲಿ ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಂದವಳೇ ಮನೆಯ ಬಾವಿಯ ನೀರನ್ನು ಒಂದು ಚೊಂಬು ಗಟಗಟ ಕುಡಿದಳು. ತಾಯಿ ಚೊಂಬನ್ನು ಕಿತ್ತುಕೊಂಡಳು. ಆಗಲೇ ಮೇಲಿನ ಮನೆಗೆ ಓಡಿದಳು.

“ಅಕ್ಕಾ, ನಗಬ್ಯಾಡ. ನಾನು ಹಾಲಿಗೆ ಒಂದು ಚೊಂಬು ಬಾವಿ ನೀರು ಬೆರೆಸ್ತೀನಿ.”

“ಅದು ಊರಿಗೇ ಗೊತ್ತು ಕಣೆ” ಎಂದಳು ಹಸುವಿನವಳು. ಮರುಗಳಿಗೆಯೇ ಅವಳಿಗೆ ತನ್ನ ಹಿತ್ತಿಲ ಗುಂಡಿಯ ನೆನಪಾಯಿತು. ನಗಲಿಲ್ಲ.

ಡಾಕ್ಟರು ಬಂದು ನೋಡಿ ಹೇಳಿದರು: ಗುಂಡಿಯ ಮದ್ದು ಬಾವಿಗೆ ಇಳಿದಿದೆ, ಹೆಪ್ಪಿನ ಜೀವವನ್ನೇ ಅದು ಕೊಲ್ಲುತ್ತಿದೆ. ದಿನಾ ಇದನ್ನು ಕುಡಿದರೆ ರೋಗದ ಕ್ರಿಮಿಗಳು ಮದ್ದಿಗೆ ಪಳಗಿಬಿಡುತ್ತವೆ. ನಾಳೆ ಕೂಸಿಗೆ ಜ್ವರ ಬಂದರೆ ಯಾವ ಮದ್ದೂ ನಾಟುವುದಿಲ್ಲ.

ಹಸುವಿನವಳು ಗುಂಡಿ ಮುಚ್ಚಿದಳು. ಆದರೆ ನೆಲ ಒಮ್ಮೆ ಕುಡಿದದ್ದನ್ನು ಬೇಗ ಬಿಟ್ಟುಕೊಡುವುದಿಲ್ಲ. ಡಾಕ್ಟರು ಹೇಳಿಕೊಟ್ಟಂತೆ ಅವಳು ಮನೆಮನೆಯ ತೆಂಗಿನ ಕರಟ ಆಯ್ದು ತಂದು, ಗಾಳಿಯಾಡದಂತೆ ಮುಚ್ಚಿ ಸುಟ್ಟು ಇದ್ದಲು ಮಾಡಿದಳು. ಅದನ್ನು ಕುಟ್ಟಿ, ತೊಳೆದು, ತಳಕ್ಕೆ ತೂತು ಕೊರೆದ ಮಡಕೆಗೆ ತುಂಬಿದಳು. ಅದರ ಮೂಲಕ ತೊಟ್ಟಿಕ್ಕಿದ ನೀರನ್ನು ಹಾಲಿಗೆ ಬೆರೆಸಿ ಹೆಪ್ಪು ಹಾಕಿದರು. ಬೆಳಗ್ಗೆ ನೋಡಿದರೆ ಮೊಸರು! ಮೊಸರಿನವಳು ಮಡಕೆಗೆ ಕುಂಕುಮವಿಟ್ಟು ಕೈಮುಗಿದಳು. ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತಿ ಕುಡಿದದ್ದೂ ಆ ಮಡಕೆಯ ನೀರನ್ನೇ.

ಕೆಲವು ತಿಂಗಳ ಮೇಲೆ ಒಂದು ಬೆಳಗ್ಗೆ ಮೊಸರು ಮತ್ತೆ ನೀರಾಯಿತು. ಇದ್ದಲು ಮೊದಲು ಕಂಡಂತೆಯೇ ಕಪ್ಪಗೆ ಇತ್ತು. ಮೊಸರಿನವಳಿಗೆ ಸಿಟ್ಟು ನೆತ್ತಿಗೇರಿತು.

“ಕೆಟ್ಟೋಯ್ತು ಇದು. ತಿಪ್ಪೆಗೆ ಎಸೀತೀನಿ” ಎಂದು ಕುಂಕುಮವಿಟ್ಟ ಮಡಕೆಯನ್ನೇ ಎತ್ತಿಕೊಂಡಳು.

ಹಸುವಿನವಳು ಅಡ್ಡ ಬಂದಳು. “ಕೆಟ್ಟಿಲ್ಲ ಕಣೆ, ತುಂಬಿಹೋಗೈತೆ. ನಿನ್ನ ಮೊಮ್ಮಗಳ ಬಾಯಿಗೆ ಹೋಗೋದನ್ನೆಲ್ಲ ತಾನು ಕುಡ್ಕೊಂಡು ಕೂತೈತಲ್ಲ, ಇನ್ನೆಷ್ಟು ಅಂತ ಕುಡೀತದೆ?”

ಅವಳು ಆ ಇದ್ದಲನ್ನು ಇನ್ನೊಂದು ಮಡಕೆಗೆ ಸುರಿದು, ಬಾಯಿಗೆ ಮಣ್ಣು ಮೆತ್ತಿ, ಮಡಕೆ ಕೆಂಪಗಾಗುವವರೆಗೆ ಬೆಂಕಿಯಲ್ಲಿಟ್ಟಳು. ಆರಿದ ಮೇಲೆ ತೊಳೆದು ಮೊದಲಿನ ಜಾಗಕ್ಕೇ ತುಂಬಿದಳು. ಮಾರನೆಯ ದಿನ ಮೊಸರು ಹೆಪ್ಪುಗಟ್ಟಿತು. ಅಲ್ಲಿಂದ ಮುಂದೆ ಮೊಸರಿನವಳು ಮೊಸರು ಕೆಡಲಿ ಎಂದು ಕಾಯಲಿಲ್ಲ. ಅಮಾವಾಸ್ಯೆ ಬಂತೆಂದರೆ ಸಾಕು, ಇದ್ದಲಿಗೆ ತಾನೇ ಒಲೆ ಹಚ್ಚುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ಎದೆಗೆ ಅವುಚಿಕೊಂಡಿದ್ದ ಗಂಟನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ಅವನು ಹಿಡಿತ ಸಡಿಲಿಸಿದ.

“ಈ ಹೊತ್ತು ಜಗಲಿಯ ಮೇಲೆ ನಾನು ಕೂರುತ್ತೇನೆ ಮಗು, ನೀನು ಎದುರಿಗೆ ಕೂತು ಹನ್ನೆರಡು ವರ್ಷದ್ದನ್ನೂ ಹೇಳು, ಸ್ವಲ್ಪ ಗಟ್ಟಿಯಾಗಿ ಹೇಳು” ಎಂದರು ಗುರುಗಳು.